ಹಗೇವಿನೊಳಗೆ ಊಟದ ಮೇಜು

ಧಾರವಾಡ ಸ್ಟೇಷನ್ನಿನಲ್ಲಿ ರೈಲು ಇಳಿದಾಗ ಆಗಷ್ಟೇ ಬೆಳಕು ಹರಿದು ಜಿಟಿಜಿಟಿ ಮಳೆ ಹಿಡಿದಿತ್ತು. ಮೈಸೂರಿನಿಂದ ರಾತ್ರಿಯಿಡೀ ಮೇಲಿನ ಬರ್ತಿನಲ್ಲಿ ಮಗ್ಗುಲು ಬದಲಿಸುತ್ತ ಬಂದ ನನಗೆ ಒಂದು ಲೋಟ ಚಹಾ ಸಿಕ್ಕರೆ ಸಾಕಾಗಿತ್ತು. ನಮ್ಮ ಯಜಮಾನರು ಮಾತ್ರ ಹೊಸ ಮದುವಣಿಗನ ಹಾಗೆ ಕ್ರಾಪು ತಿದ್ದಿಕೊಂಡು, "ಬೇಗ ನಡಿ ಗಿರಿಜಾ, ಹೋಟೆಲಿನವರು ಕಾಯ್ತಿರ್ತಾರೆ" ಎಂದು ಅವಸರಿಸುತ್ತಿದ್ದರು. ಮದುವೆಯ ವಾರ್ಷಿಕೋತ್ಸವಕ್ಕೆ ಈ ಪ್ರವಾಸ ಅವರದೇ ಯೋಜನೆ. ಗಣಿತದ ಮೇಷ್ಟ್ರಾಗಿ ನಿವೃತ್ತರಾದ ಈ ಮನುಷ್ಯ ಇಷ್ಟು ವರ್ಷ ವಾರ್ಷಿಕೋತ್ಸವವೆಂದರೆ ಮನೆಯಲ್ಲಿ ಒಂದು ಪಾಯಸ ಎಂದು ತಿಳಿದಿದ್ದವರು. ಈ ಸಲ ನನ್ನ ತವರಿನ ಸೀಮೆಯಲ್ಲಿ, ಹಳೆಯ ವಾಡೆಯೊಂದನ್ನು ದುಬಾರಿ ಹೋಟೆಲು ಮಾಡಿರುವ ಕಡೆ, ಒಂದು ಹಗಲು ಒಂದು ರಾತ್ರಿ ಕಳೆಯುವುದೆಂದು ತಾವೇ ಫೋನಿನಲ್ಲಿ ಬುಕ್ ಮಾಡಿ ಹೇಳಿದಾಗ ನಾನು ಮೊದಲು ಅವರ ಹಣೆ ಮುಟ್ಟಿ ನೋಡಿದ್ದೆ.

ಹೋಟೆಲಿನ ಇಂಗ್ಲಿಷ್ ಹೆಸರು ಹೇಳಿದರೆ ಆಟೋದವನಿಗೆ ಗೊತ್ತಾಗಲಿಲ್ಲ. ಹೆಬ್ಬಳ್ಳಿ ಕಡೆ ಹೋಗುವ ರಸ್ತೆ, ಹಳೆಯ ವಾಡೆ ಎಂದ ಮೇಲೆ ಅವನ ಮುಖ ಅರಳಿತು.

"ಕಾಳಿನ ಸಾಹುಕಾರ್ರ ವಾಡೇ ಅನ್ರಿ ಮತ್ತ! ಕುಂದ್ರಿ, ನೂರೈವತ್ತು ಕೊಡ್ರಿ. ಆದ್ರ ಅಕ್ಕಾರ, ಚಾ ಇಲ್ಲೇ ಕುಡದ ಹೋಗ್ರಿ. ಅಲ್ಲಿ ಎರಡ ಚಾ ಕುಡುದ್ರ ನನ್ನ ಆಟೋಕ್ಕ ಹೊಸಾ ಟೈರ್ ಬರ್ತೈತಿ."

ಅವನ ಮಾತು ಕೇಳಿ ಸ್ಟೇಷನ್ನಿನ ಎದುರಿಗೇ ಚಹಾ ಕುಡಿದೆವು. ಆ ದಿನ ನಾವು ಮಾಡಿದ ಜಾಣತನದ ಕೆಲಸ ಅದೊಂದೇ ಎಂದು ಈಗ ಅನಿಸುತ್ತದೆ.

ವಾಡೆ ನಿಜಕ್ಕೂ ಗಂಭೀರವಾಗಿತ್ತು. ಆನೆ ಹೋಗುವಷ್ಟು ದೊಡ್ಡ ಬಾಗಿಲು, ತೇಗದ ಕಂಬಗಳು, ಮೊಳ ದಪ್ಪದ ಮಣ್ಣಿನ ಗೋಡೆ, ನಡುವೆ ಆಕಾಶ ಕಾಣುವ ಅಂಗಳ. ಬಾಗಿಲಲ್ಲಿ ಮ್ಯಾನೇಜರ್ ಪ್ರಶಾಂತ ನಿಂತಿದ್ದ. ಹುಬ್ಬಳ್ಳಿ ವಿದ್ಯಾನಗರದ ಹುಡುಗ, ಮೂವತ್ತರ ಆಸುಪಾಸು, ಕರಿ ಕೋಟು, ಬಾಯಿತುಂಬ ನಗು. ಬೆಳ್ಳಿ ಬಟ್ಟಲಿನಲ್ಲಿ ಬೆಲ್ಲ, ತಂಬಿಗೆಯಲ್ಲಿ ನೀರು ಕೊಟ್ಟು ಸ್ವಾಗತಿಸಿದ. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ನೋಡಿ ಕಣ್ಣು ತುಂಬಿತು. ಆಮೇಲೆ ಒಂದು ರಾತ್ರಿಗೆ ಬಾಡಿಗೆ ಎಷ್ಟೆಂದು ಕೇಳಿದೆ. ಹೇಳಿದ. ಒಂದು ತಿಂಗಳಿಗೇ ಎಂದು ಮತ್ತೆ ಕೇಳಿದೆ. ಯಜಮಾನರು ನನ್ನ ಕಾಲು ತುಳಿದರು.

ಕೋಣೆಗೆ ಹೋದರೆ ಎರಡನೆಯ ಧಕ್ಕೆ. ಇಬ್ಬರು ಉರುಳಾಡಬಹುದಾದ ಮಂಚ, ರೇಷ್ಮೆಯ ಹೊದಿಕೆ, ಎಲ್ಲ ಸರಿ. ಆದರೆ ಮಂಚದ ಎರಡೂ ಪಕ್ಕದ ಗೋಡೆಯಲ್ಲಿ ಕಲ್ಲಿನ ಗೂಟ ಕಂಡವು. ಮೂಲೆಯಲ್ಲಿ ಉದ್ದನೆಯ ಕಲ್ಲಿನ ಗ್ವಾದ್ಲಿ, ಅಂದರೆ ದನಕ್ಕೆ ಮೇವು ಹಾಕುವ ತೊಟ್ಟಿ. ಅದಕ್ಕೆ ಹಿತ್ತಾಳೆಯ ನಲ್ಲಿ ಕೂರಿಸಿ ಸ್ನಾನದ ತೊಟ್ಟಿ ಮಾಡಿದ್ದರು. ನಾನು ಯಜಮಾನರಿಗೆ, "ರೀ, ಇದು ಎಮ್ಮೆ ಕಟ್ಟುತ್ತಿದ್ದ ಅಂಕಣ" ಎಂದೆ. ಅವರು ಬೆಚ್ಚಿ ಮಂಚದಿಂದ ಎದ್ದರು, ಬಗ್ಗದೆ ಹೊರಗೆ ಹೊರಟು ಬಾಗಿಲ ಮೇಲುಪಟ್ಟಿಗೆ ತಲೆ ಬಡಿಸಿಕೊಂಡರು. ಮಧ್ಯಾಹ್ನದ ಊಟದಲ್ಲಿ ಖಡಕ್ ರೊಟ್ಟಿಯನ್ನು ಸಮೋಸದಂತೆ ತ್ರಿಕೋನ ಕತ್ತರಿಸಿ ಒಂದು ಮರದ ಚೌಕಟ್ಟಿನಲ್ಲಿ ನಿಲ್ಲಿಸಿ ತಂದರು. ಎಣ್ಣೆಗಾಯಿ ರುಚಿಯಾಗಿತ್ತು, ಒಂದು ತಟ್ಟೆಗೆ ಒಂದೇ ಬದನೆಕಾಯಿ. ಒಂದೇ ಒಂದು! ನಮ್ಮಮ್ಮ ನೋಡಿದ್ದರೆ, ಈ ಮನೆಯಲ್ಲಿ ಯಾರಾದರೂ ತೀರಿಕೊಂಡರೇ ಎಂದು ಕೇಳುತ್ತಿದ್ದಳು.

ಇವೆಲ್ಲ ನಕ್ಕು ಮರೆಯುವಂಥ ಧಕ್ಕೆಗಳು. ಊಟದ ನಂತರ ಪ್ರಶಾಂತ ನಮ್ಮನ್ನು ವಾಡೆ ತೋರಿಸಲು ಕರೆದುಕೊಂಡು ಹೊರಟ. ಅಡುಗೆಮನೆ, ದೇವರ ಕೋಣೆ, ಗೋಡೆಗೆ ಚಂದಕ್ಕೆಂದು ತೂಗುಹಾಕಿದ್ದ ಹಳೆಯ ಕಂದೀಲುಗಳು, ಎಲ್ಲ ದಾಟಿ ಹಿಂದಿನ ಅಂಗಳಕ್ಕೆ ಬಂದೆವು. ಅಲ್ಲಿ ನೆಲದಲ್ಲಿ ಅಗಲವಾದ ಗಾಜು ಕೂರಿಸಿತ್ತು. ಅರ್ಧ ಗಾಜು ಸರಿಸಿದರೆ ಕೆಳಗೆ ಇಳಿಯಲು ಕಬ್ಬಿಣದ ಸುರುಳಿ ಮೆಟ್ಟಿಲು. ಎರಡಾಳು ಆಳದ ದುಂಡನೆಯ ಕೋಣೆಯಲ್ಲಿ ಗಾದಿ, ತಲೆದಿಂಬು, ಮೊಣಕಾಲೆತ್ತರದ ಒಂದು ಮೇಜು.

"ಇದು ನಮ್ಮ ಹೋಟೆಲಿನ ವಿಶೇಷ ಮೇಡಂ. ಇಬ್ಬರಿಗೆ ಮಾತ್ರ ಊಟ. ಫೋಟೋ ತೆಗೆಸಿಕೊಳ್ಳೋಕೆ ಪುಣೆಯಿಂದ ಜನ ಬರ್ತಾರೆ" ಎಂದ ಪ್ರಶಾಂತ.

ಅದು ಹಗೇವು. ಜೋಳ ತುಂಬಿಡುವ ನೆಲದೊಳಗಿನ ಕಣಜ. ಒಳಗೆ ಜೋಳದ ದಂಟು ಒತ್ತಿ, ಕಾಳು ಸುರಿದು, ಬಾಯಿಗೆ ಕಲ್ಲು ಹಾಕಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಮುಟ್ಟುವುದಿಲ್ಲ. ಹುಳಕ್ಕೆ ಉಸಿರಿಲ್ಲದ ಜಾಗದಲ್ಲಿ ಮನುಷ್ಯನಿಗೂ ಉಸಿರಿಲ್ಲ. ಅದಕ್ಕೇ ಹಗೇವು ತೆಗೆದ ದಿನ ಮೊದಲು ಹಗ್ಗ ಕಟ್ಟಿ ಒಂದು ಉರಿಯುವ ಕಂದೀಲು ಒಳಗೆ ಬಿಡುತ್ತಾರೆ. ಅದು ಉರಿಯುತ್ತಿದ್ದರೆ ಆಳು ಇಳಿಯಬಹುದು, ಆರಿದರೆ ಯಾರೂ ಇಳಿಯುವ ಹಾಗಿಲ್ಲ. ಗದಗ ಕಡೆಯ ಕಾಳಿನ ವ್ಯಾಪಾರಸ್ಥರ ಮನೆಯಲ್ಲಿ ಹುಟ್ಟಿದ ನನಗೆ ಅಕ್ಷರಕ್ಕಿಂತ ಮೊದಲು ಕಲಿಸಿದ ಪಾಠ ಇದು. ಈ ಪಾಠವನ್ನು ಒಂದೇ ಒಂದು ಸಲ ಮೀರಿದವನು ನನ್ನ ಕಾಕಾ, ಅಪ್ಪನ ತಮ್ಮ ಚೆನ್ನಬಸಪ್ಪ. ಹೊರಗೆ ಗಿರಾಕಿಯ ಚಕ್ಕಡಿ ಗಾಡಿ ನಿಂತಿತ್ತು, ಮಳೆ ಬರುವ ಹಾಗಿತ್ತು, ಕಂದೀಲಿನಲ್ಲಿ ಎಣ್ಣೆ ಇರಲಿಲ್ಲ. "ಹಿಂಗ ಹೋಗಿ ಹಂಗ ಬರ್ತೀನಿ" ಎಂದು ಇಳಿದ. ಅವನನ್ನು ತರಲು ಹಾರಲಿದ್ದ ನಮ್ಮಪ್ಪನನ್ನು ಅಜ್ಜ ಸೊಂಟಕ್ಕೆ ಕೈ ಹಾಕಿ ಹಿಡಿದು ನೆಲಕ್ಕೆ ಕೆಡವಿದ. "ಒಬ್ಬಾಂವ ಹ್ವಾದ. ಇಬ್ಬರು ಬ್ಯಾಡ" ಎಂದು ಕೂಗುತ್ತಿದ್ದ. ಒಳಗೆ ಕಾಕಿ ರೊಟ್ಟಿ ಬಡಿಯುತ್ತಿದ್ದವಳು ಹಾಗೇ ಎದ್ದು ಬಂದಳು. ಹಂಚಿನ ಮೇಲಿನ ರೊಟ್ಟಿ ಸುಟ್ಟು ಕರಕಾಗಿ ಮನೆಯೆಲ್ಲ ಆ ವಾಸನೆ. ಇವತ್ತಿಗೂ ರೊಟ್ಟಿ ಸೀದರೆ ನಾನು ಒಲೆ ಆರಿಸಿ ಹೊರಗೆ ಬಂದು ನಿಲ್ಲುತ್ತೇನೆ.

ಇದನ್ನು ಪ್ರಶಾಂತನಿಗೆ ಹೇಳಲು ಶುರುಮಾಡಿದೆ. ಯಜಮಾನರು ಯಾವಾಗಿನಂತೆ ನಡುವೆ ಬಾಯಿ ಹಾಕಿದರು.

"ಗೊತ್ತು ಮಾರಾಯ್ತಿ, ನೂರು ಸಲ ಹೇಳಿದೀಯ. ಅದು ಕಾಳು ತುಂಬಿದ ಹಗೇವು. ಇಲ್ಲಿ ಕಾಳೆಲ್ಲಿದೆ? ಬಳಿದು ಬಣ್ಣ ಹೊಡೆದಿದಾರೆ, ಮೆಟ್ಟಿಲಿದೆ, ಅರ್ಧ ಗಾಜು ತೆಗೆದಿಟ್ಟಿರ್ತಾರೆ." ಆಮೇಲೆ ದನಿ ತಗ್ಗಿಸಿ, "ಇವತ್ತು ಸಂಜೆ ನಮ್ಮೂಟ ಇಲ್ಲೇ ಕಣೆ. ನಿಂಗೆ ಮೊದಲೇ ಹೇಳಬಾರದು ಅಂತಿದ್ದೆ. ನಿಮ್ಮ ಕಡೆಯದು ಅಂತಾನೇ ಹುಡುಕಿ ಇದನ್ನ ಆರಿಸಿದ್ದು" ಎಂದರು.

ಅವರ ಮುಖ ನೋಡಿದೆ. ಪರೀಕ್ಷೆಯಲ್ಲಿ ಪಾಸಾದ ಹುಡುಗನ ಮುಖ. ಬೇಡ ಎನ್ನಲು ಬಾಯಿ ಬರಲಿಲ್ಲ. ಅವರ ಮಾತಿನಲ್ಲಿ ತಪ್ಪೂ ಕಾಣಲಿಲ್ಲ. ಕಾಳಿಲ್ಲದ ಹಗೇವು ಬರಿಯ ಗುಂಡಿ. "ಆಯ್ತು, ಆದರೆ ಒಳಗೆ ದೀಪ ಇರಬೇಕು" ಎಂದೆ. ಪ್ರಶಾಂತ ನಕ್ಕು, "ಸುತ್ತಲೂ ದೀಪಾನೇ ಮೇಡಂ, ನೋಡಿದರೆ ಖುಷಿಯಾಗ್ತೀರಿ" ಎಂದ.

ಮಧ್ಯಾಹ್ನ ಮನಸ್ಸು ಹಗುರ ಮಾಡಿಕೊಳ್ಳಲು ಹುಬ್ಬಳ್ಳಿ ಧಾರವಾಡಗಳ ನಡುವೆ ಓಡುವ ಎಸಿ ಬಸ್ಸು ಹತ್ತಿದೆವು. ಬಸ್ಸಿಗೆಂದೇ ಬೇರೆ ದಾರಿ ಇರುವುದರಿಂದ ರಾಯಾಪುರ ದಾಟಿ ಹುಬ್ಬಳ್ಳಿ ಮುಟ್ಟಿದ್ದೇ ತಿಳಿಯಲಿಲ್ಲ. ಉಣಕಲ್ ಕೆರೆಯ ದಂಡೆಯಲ್ಲಿ ಮಳೆಗಾಳಿಗೆ ನಿಂತು ಗಿರ್ಮಿಟ್ಟು, ಮಿರ್ಚಿ ತಿಂದೆವು. ಮಿರ್ಚಿಯ ಖಾರಕ್ಕೆ ಯಜಮಾನರ ಕಣ್ಣಲ್ಲಿ ನೀರು. ಗಿರ್ಮಿಟ್ಟಿನವಳು, "ಮೈಸೂರ ಮಂದೀನ್ರಿ? ಬೆಲ್ಲಾ ಕೊಡ್ಲೇನು?" ಎಂದು ಚೇಷ್ಟೆ ಮಾಡಿದಳು. ಮರಳಿ ಬರುವಾಗ ಧಾರವಾಡದಲ್ಲಿ ಇಳಿದು ಸಾಲಿನಲ್ಲಿ ನಿಂತು ಪೇಡೆ ಕೊಂಡೆವು. ಇಷ್ಟು ಚಂದದ ಮಧ್ಯಾಹ್ನ ನಮ್ಮ ಪಾಲಿಗೆ ಬಂದು ಎಷ್ಟೋ ಕಾಲವಾಗಿತ್ತು.

ದೀಪ ಹಚ್ಚುವ ಹೊತ್ತಿಗೆ ನಾನು ಇಳಕಲ್ ಸೀರೆ ಉಡುತ್ತಿದ್ದೆ. ಯಜಮಾನರು, "ನೀನು ನಿಧಾನಕ್ಕೆ ಬಾ, ನಾನು ಮುಂದೆ ಹೋಗಿರ್ತೀನಿ" ಎಂದು ಹೋದರು. ನಾನು ಹಿಂದಿನ ಅಂಗಳಕ್ಕೆ ಬಂದಾಗ ಊಟ ಬಡಿಸುವ ರೇಣುಕಾ ಗಾಜಿನ ಪಕ್ಕದಲ್ಲಿ ಬಿಸಿನೀರಿನ ಕೆಟಲ್ ಹಿಡಿದು ನಿಂತಿದ್ದಳು.

"ಸಾಹೇಬ್ರು ಆಗಲೇ ಇಳದಾರ್ರಿ ಅಕ್ಕಾರ. ಲಗೂ ಬರ್ರಿ, ಹೊಗಿ ಇರೂತನಾ ಫೋಟೋ ಛಲೋ ಬರ್ತಾವು."

ಬಗ್ಗಿ ನೋಡಿದೆ. ಕೆಳಗೆ ನೆಲವೇ ಕಾಣದಂತೆ ಬೆಳ್ಳಗಿನ ಹೊಗೆ ಹಾಲಿನಂತೆ ಹರಡಿತ್ತು. ನೀರಿಗೆ ಹಾಕಿದರೆ ಹೊಗೆಯೇಳುವ ಡ್ರೈ ಐಸನ್ನು ಮೂಲೆಯ ಬಟ್ಟಲುಗಳಲ್ಲಿ ಇಟ್ಟು ಬಿಸಿನೀರು ಸುರಿದಿದ್ದರು. ಮದುವೆ ಆರತಕ್ಷತೆಗಳಲ್ಲಿ ನೋಡಿದ್ದೆ. ಆ ಹೊಗೆಯ ನಡುವೆ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಯಜಮಾನರು ಕುಳಿತಿದ್ದರು. ಸುತ್ತಲೂ ಗೂಡುಗಳಲ್ಲಿ ಸಾಲುಸಾಲು ದೀಪ ಉರಿಯುತ್ತಿದ್ದವು. ದೀಪ ಕಂಡದ್ದೇ ನನ್ನ ಎದೆಯ ಭಾರ ಇಳಿಯಿತು.

"ದೀಪ ಛಲೋ ಹಚ್ಚೀಯವಾ" ಎಂದೆ ರೇಣುಕಾಗೆ. "ಒಂದೂ ಅಲುಗಾಡವಲ್ಲವು."

"ಬ್ಯಾಟರೀವರಿ ಅಕ್ಕಾರ. ಮೊದಲ ಖರೇ ದೀಪಾನ ಹಚ್ತಿದ್ವಿ. ಹೊಗಿ ಬಿಟ್ಟಕೂಡ್ಲೇ ಆರಿ ಆರಿ ಹೋಗ್ತಿದ್ವು. ಹಚ್ಚಿ ಹಚ್ಚಿ ಸಾಕಾತು. ಕಡೀಕ ಮ್ಯಾನೇಜರ್ ಸಾಹೇಬ್ರು ಇವನ್ನ ತರಿಸಿದ್ರು. ಇವು ಆರೂದ ಇಲ್ಲರಿ."

ದೀಪ ಆರಿದೆ. ಮೊದಲ ದಿನದಿಂದಲೂ ಆರಿದೆ. ಇವರು ಜನರನ್ನು ಇಳಿಸುವುದು ಬಿಡಲಿಲ್ಲ, ದೀಪವನ್ನು ಬದಲಾಯಿಸಿದರು.

"ರೀ! ಮೇಲೆ ಬನ್ರಿ!" ಎಂದು ಕೂಗಿದೆ.

ಅವರು ತಲೆಯೆತ್ತಿದರು. ಮುಖ ಕೆಂಪಾಗಿ, ಓಡಿ ಬಂದವರ ಹಾಗೆ ಏದುಸಿರು ಬಿಡುತ್ತಿದ್ದರು. "ನೀನೇ ಬಾರೇ... ಎಷ್ಟು ಚೆನ್ನಾಗಿದೆ... ಸ್ವಲ್ಪ ತಲೆ ಸುತ್ತಿದ ಹಾಗೆ..." ಮಾತು ತೊದಲುತ್ತಿತ್ತು.

"ಮೊದಲು ಎದ್ದು ನಿಲ್ರಿ! ಕೂರಬೇಡಿ, ಎದ್ದು ನಿಲ್ರಿ!" ಕೆಟ್ಟ ಗಾಳಿ ತಳದಲ್ಲಿ ಕೂರುತ್ತದೆ, ತಲೆ ಮೇಲಿದ್ದಷ್ಟೂ ಒಳ್ಳೆಯದು ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

"ಯಾಕೆ ಹೀಗೆ ಕಿರಿಚ್ತೀಯ, ಜನ ನೋಡ್ತಾರೆ" ಎಂದರು ಈ ಮಹಾಶಯರು. ಅಂಥ ಹೊತ್ತಿನಲ್ಲೂ ವಾದ! ನಾನು ಮದುವೆಯಾದಾಗಿನಿಂದ ಬಾಯಿಗೆ ತಂದುಕೊಳ್ಳದ ಮಾತಿನಲ್ಲಿ ಅವರನ್ನು ಬೈದೆ. ಅದಕ್ಕೆ ಬೆಚ್ಚಿ ಎದ್ದರು, ತೂರಾಡಿದರು, ಮೆಟ್ಟಿಲಿನ ಕಂಬಿ ಹಿಡಿದರು.

ನನಗೆ ಗೊತ್ತಿಲ್ಲದೆಯೇ ನನ್ನ ಕಾಲು ಮೊದಲ ಮೆಟ್ಟಿಲ ಮೇಲಿತ್ತು. ಕೆಳಗೆ ಗಂಡ ಬೀಳುತ್ತಿರುವಾಗ ಮೇಲೆ ನಿಲ್ಲುವುದು ಎಂಥ ಹಿಂಸೆ ಎಂದು ಆವತ್ತಿನವರೆಗೆ ನನಗೆ ತಿಳಿದಿರಲಿಲ್ಲ. ಅಪ್ಪ ಸಾಯುವ ತನಕ ಅಜ್ಜನೊಡನೆ ಯಾಕೆ ಸರಿಯಾಗಿ ಮಾತಾಡಲಿಲ್ಲ ಎಂದೂ ತಿಳಿದಿರಲಿಲ್ಲ. ಕಾಲು ಹಿಂದಕ್ಕೆ ತೆಗೆದೆ. ಅಷ್ಟರಲ್ಲಿ ಗದ್ದಲ ಕೇಳಿ ಓಡಿ ಬಂದ ಪ್ರಶಾಂತ ಇಳಿಯಲು ಹೊರಟ. ಎರಡೂ ಕೈಯಿಂದ ಅವನ ಕೋಟು ಹಿಡಿದು ಜಗ್ಗಿದೆ.

"ಬಿಡ್ರಿ ಮೇಡಂ, ನಾ ಕರಕೊಂಡ ಬರ್ತೀನಿ!"

"ಒಬ್ಬರು ಒಳಗದಾರ. ಇಬ್ಬರು ಬ್ಯಾಡ" ಎಂದೆ. ಅದು ನನ್ನ ದನಿಯಾಗಿರಲಿಲ್ಲ, ಅಜ್ಜನದು. ಕೆಳಗೆ ಕೂಗಿ ಹೇಳಿದೆ: "ರೀ, ಹತ್ರಿ. ಹತ್ತುತ್ತಾ ಮೆಟ್ಟಿಲು ಎಣಿಸ್ರಿ. ನನಗೆ ಕೇಳಬೇಕು."

ಇಡೀ ಜೀವನ ಲೆಕ್ಕ ಹೇಳಿಕೊಟ್ಟ ಮನುಷ್ಯ. "ಒಂದು" ಎಂದರು. "ಎರಡು." ಸುರುಳಿ ಮೆಟ್ಟಿಲಿನಲ್ಲಿ ಅವರ ನೆತ್ತಿ ಒಂದು ಸುತ್ತು ಬಂತು. "ಮೂರು... ನಾಲ್ಕು..." ಐದಕ್ಕೆ ದನಿ ನಿಂತಿತು. ಕಂಬಿಗೆ ಹಣೆ ಒರಗಿಸಿ ಕುಸಿದರು. ರೇಣುಕಾ ಅಳತೊಡಗಿದಳು.

"ಐದಾದ ಮೇಲೆ ಎಷ್ಟ್ರೀ?" ಎಂದು ಕಿರುಚಿದೆ. ಉತ್ತರವಿಲ್ಲ. "ಮೇಷ್ಟ್ರೇ! ಐದಾದ ಮೇಲೆ ಎಷ್ಟು?"

"ಆರು" ಎಂದರು ಸಿಟ್ಟಿನಿಂದ, ಗೊತ್ತಿರುವುದನ್ನೇ ಕೇಳಿದ ಹುಡುಗನಿಗೆ ಹೇಳುವ ಹಾಗೆ. ಮತ್ತೆ ಎದ್ದರು. ಕೈಗೆ ಎಟುಕಿದ್ದೇ ಪ್ರಶಾಂತ, ನಾನು, ರೇಣುಕಾ ಮೂವರೂ ಅವರ ಅಂಗಿ, ತೋಳು, ಸಿಕ್ಕಿದ್ದೆಲ್ಲ ಹಿಡಿದು ಮೇಲಕ್ಕೆಳೆದೆವು. ಒದ್ದೆ ಅಂಗಳದಲ್ಲಿ ಮಲಗಿಸಿದೆವು. ವಾಂತಿ ಮಾಡಿದರು. ಮಳೆಹನಿ ಮುಖಕ್ಕೆ ಬಿದ್ದು ನಿಧಾನಕ್ಕೆ ಬಣ್ಣ ತಿರುಗಿತು. ನಾನು ಅವರ ಪಕ್ಕದಲ್ಲೇ ನೆಲದ ಮೇಲೆ ಕುಳಿತು ನಾಚಿಕೆ ಬಿಟ್ಟು ಅತ್ತೆ. ಪ್ರಶಾಂತ ಕರೆಸಿದ ಡಾಕ್ಟರರು ಬಂದು ಆಮ್ಲಜನಕ ಕೊಟ್ಟು, ನಾಡಿ ನೋಡಿ, ಡ್ರೈ ಐಸಿನಿಂದ ಏಳುವುದೂ ಹಗೇವಿನಲ್ಲಿ ಕೂರುವ ಅದೇ ಕೆಟ್ಟ ಗಾಳಿ, ಈಗ ಅಪಾಯವಿಲ್ಲ, ತಲೆನೋವು ನಾಳೆಯವರೆಗೆ ಇದ್ದೀತು ಎಂದರು.

ಅವರು ಕಣ್ಣು ಬಿಟ್ಟು ಮಲಗಿದ ಮೇಲೆ ನಾನು ಗೋಡೆಯಲ್ಲಿ ಚಂದಕ್ಕೆ ತೂಗುಹಾಕಿದ್ದ ಒಂದು ಕಂದೀಲು ಬಿಚ್ಚಿ ತರಿಸಿದೆ. ಎಣ್ಣೆ ಹಾಕಿ ಹಚ್ಚಿ, ಹಗ್ಗ ಕಟ್ಟಿ ಪ್ರಶಾಂತನ ಕೈಗೆ ಕೊಟ್ಟೆ. ಅವನೇ ಇಳಿಸಿದ. ಅರ್ಧಕ್ಕೆ ಹೋಗುವ ತನಕ ಚೆನ್ನಾಗಿಯೇ ಉರಿಯಿತು. ಮೇಜಿನಿಂದ ಸ್ವಲ್ಪ ಮೇಲೆ, ಕುಳಿತವರ ಮುಖವಿರುವ ಎತ್ತರಕ್ಕೆ ಬರುತ್ತಲೇ ಉರಿ ಕುಗ್ಗಿ ಆರಿಹೋಯಿತು. ಸುತ್ತಲಿನ ಬ್ಯಾಟರಿ ದೀಪಗಳು ಮಾತ್ರ ಏನೂ ಆಗದವರ ಹಾಗೆ ಮಿನುಗುತ್ತಿದ್ದವು.

ಪ್ರಶಾಂತ ಕೋಟು ಕಳಚಿ ಕಟ್ಟೆಯ ಮೇಲೆ ಕುಸಿದು ಕೂತ. ಅವನ ಪುಸ್ತಕದ ಕನ್ನಡ ಎಲ್ಲೋ ಹೋಗಿತ್ತು. "ಅಕ್ಕಾರ, ಹೋದ ವಾರ ಒಬ್ಬರು ಅಲ್ಲೇ ಗಾದಿ ಮ್ಯಾಲ ಅಡ್ಡಾಗಿದ್ರು. ಕುಡದಾರ ಅಂತ ತಿಳಕೊಂಡು, ನಾವ ನಾಕ ಮಂದಿ ಇಳದು ಹೊತಗೊಂಡು ಬಂದ್ವಿ. ಆಮ್ಯಾಲ ನಮಗೂ ತಲಿ ಹಿಡದಿತ್ತು. ಮಳಿ ಹವಾ ಅಂದ್ಕೊಂಡ್ವಿ." ಕೈಯಲ್ಲಿದ್ದ ಹಗ್ಗ ನೋಡುತ್ತ, "ನಮ್ಮ ಅಜ್ಜಾರ ಮನ್ಯಾಗೂ ಹಗೇವು ಇತ್ತರಿ. ಅವರೂ ಕಂದೀಲಾ ಇಳಸ್ತಿದ್ರು. ನಾ ಸಣ್ಣಾವಿದ್ದಾಗ ಕಣ್ಣಾರೆ ನೋಡೇನಿ. ದೀಪ ಆರಿದಾಗ ನನಗ ಯಾಕ ನೆನಪಾಗ್ಲಿಲ್ಲರಿ?" ಎಂದ.

ನನಗೆ ಅವನ ಮೇಲೆ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಬೆಳಗ್ಗೆ ಮಾಲೀಕರು ಹುಬ್ಬಳ್ಳಿಯಿಂದ ಬಂದು ಕೈಮುಗಿದರು, ಮೆಟ್ಟಿಲಿಗೆ ಬೀಗ ಹಾಕಿಸಿದರು. ನಾನು ನಿಂತು ನೋಡಿಯೇ ಬಂದೆ. ಹೊರಡುವಾಗ ಪ್ರಶಾಂತ ಚೀಲ ಹೊತ್ತು ಆಟೋದವರೆಗೆ ಬಂದ.

"ಇನ್ನ ಅದನ್ನ ಏನ್ ಮಾಡೂದ್ರಿ ಅಕ್ಕಾರ?"

"ಜ್ವಾಳಾ ತುಂಬಸಪಾ" ಎಂದೆ. "ಅದಕ್ಕ ಕಟ್ಟ್ಯಾರ."

ಹಗಲಿನ ರೈಲು, ಕಿಟಕಿಯ ಪಕ್ಕದ ಸೀಟು. ಮಳೆ ನಿಂತು ಕಪ್ಪು ಹೊಲಗಳ ಮೇಲೆ ಬಿಸಿಲು ಬಿದ್ದಿತ್ತು. ಯಜಮಾನರು ಹಣೆಗೆ ಮುಲಾಮು ಹಚ್ಚಿಕೊಂಡು ಕಣ್ಣು ಮುಚ್ಚಿದ್ದರು. ಹಾವೇರಿಯಲ್ಲಿ ಎದುರಿನ ಸೀಟಿಗೆ ಬಂದು ಕೂತ ಕಾಳಿನ ವ್ಯಾಪಾರಿಯೊಬ್ಬರು ಅದೂ ಇದೂ ಮಾತಾಡುತ್ತ, ಈಗ ಹಗೇವು ಯಾರು ಇಟ್ಟಾರು, ಎಲ್ಲ ಗೋದಾಮು ಎಂದರು. ಆಗ ಯಜಮಾನರು ಕಣ್ಣು ತೆರೆದರು.

"ನಮ್ಮ ಕಾಕಾ ಒಬ್ಬರಿದ್ದರು" ಎಂದರು. "ಚೆನ್ನಬಸಪ್ಪ ಅಂತ."

ನಾನು ಕಿಟಕಿಯ ಕಡೆ ತಿರುಗಿದೆ. ಅವರು ಅವಸರವಿಲ್ಲದೆ ಹೇಳುತ್ತ ಹೋದರು. ಗಿರಾಕಿಯ ಚಕ್ಕಡಿ, ಕಂದೀಲಿನಲ್ಲಿ ಎಣ್ಣೆ ಇಲ್ಲದ್ದು, ಅಜ್ಜ ಸೊಂಟಕ್ಕೆ ಕೈ ಹಾಕಿದ್ದು. ನೂರು ಸಲವೂ ಅರ್ಧಕ್ಕೇ ನನ್ನ ಮಾತು ನಿಲ್ಲಿಸಿದವರು ಒಂದನ್ನೂ ಬಿಡಲಿಲ್ಲ. ಹಂಚಿನ ಮೇಲಿನ ರೊಟ್ಟಿಯನ್ನೂ ಬಿಡಲಿಲ್ಲ.

ವ್ಯಾಪಾರಿ ಕೇಳಿದರು: "ನಿಮ್ಮ ಸ್ವಂತ ಕಾಕಾ ಏನ್ರಿ?"

"ಹೂಂ" ಎಂದರು ನಮ್ಮ ಯಜಮಾನರು. "ಸ್ವಂತ."